ದೇವರ ಗೂಡಿನ ಲ್ಯಾಪ್‌ಟಾಪ್

ಪೃಥ್ವಿರಾಜ್ ಹಡಗಿನಲ್ಲಿ ಬಿಝಿ, ಲ್ಯಾಪ್‌ಟಾಪ್ ಮನೆಯಲ್ಲಿ ಬಿಸಿ. ಥಾಣೆ ಪಕ್ಕದ ಐರೋಲಿಯ ಪುಟ್ಟ ಫ್ಲ್ಯಾಟಿನಲ್ಲಿ ದಮಯಂತಿಯ ಸಂಸಾರ ಈ ಎರಡರ ನಡುವೆ ನಡೆಯುತ್ತಿತ್ತು.

ಗಂಡ ಸರಕು ಹಡಗಿನಲ್ಲಿ ಅಡುಗೆಯವನು. ಹಡಗು ಬಂದರಿಗೆ ತಾಗಿದಾಗ ಮಾತ್ರ ಅವನ ಮುಖ ಪರದೆಯ ಮೇಲೆ ಮೂಡುತ್ತಿತ್ತು. ಮೂಡಿ, "ಊಟ ಆಯ್ತಾ" ಎನ್ನುವಷ್ಟರಲ್ಲಿ ಯಂತ್ರದೊಳಗಿನ ಫ್ಯಾನು ಮಿಕ್ಸರಿನಂತೆ ಅರಚಿ ಎಲ್ಲವೂ ಕಪ್ಪಾಗುತ್ತಿತ್ತು. ಕಳೆದ ಸಲ ಕಪ್ಪಾದದ್ದು ಅವನು, "ದಮಯಂತಿ, ಇನ್ನು ನಾನು..." ಎಂದಾಗ.

ಯಂತ್ರ ತಣಿಯುವಷ್ಟರಲ್ಲಿ ಹಡಗು ಹೊರಟಿತ್ತು. ನಡುಕಡಲಿನಿಂದ ಬಂದ ಮೇಲ್‌ಗಳಲ್ಲಿ ಅಕ್ಕಿಯ ಸುದ್ದಿ, ಅಲೆಯ ಸುದ್ದಿ ಇತ್ತು. ಆ ಮಾತು ಇರಲಿಲ್ಲ. ಕೇಳಿ ಬರೆಯಲು ಅವಳಿಗೆ ಬಿಗುಮಾನ.

ದಮಯಂತಿ ಅನುಕರಣೆಯಲ್ಲಿ ಗಟ್ಟಿಗಿತ್ತಿ. ಸೊಸೈಟಿಯ ಸೆಕ್ರೆಟರಿಯ ಕೆಮ್ಮು, ಥಾಣೆ ಲೋಕಲ್ ರೈಲಿನ ಅನೌನ್ಸ್‌ಮೆಂಟು ಎಲ್ಲವನ್ನೂ ಮಾಡಿ ಪಕ್ಕದ ಮನೆಯ ಸೋನಾಲಿಯನ್ನು ನಗಿಸುತ್ತಿದ್ದಳು. ಈಗ ಒಬ್ಬಳೇ ಪಾತ್ರೆ ತೊಳೆಯುತ್ತ, ಗಂಡನ ಮೂಗುಸ್ವರದಲ್ಲಿ ಆ ವಾಕ್ಯ ಪೂರ್ತಿ ಮಾಡುತ್ತಿದ್ದಳು. "ಇನ್ನು ನಾನು ಹಡಗು ಬಿಡ್ತೇನೆ." ಸ್ವಲ್ಪ ತಡೆದು, "ಇನ್ನು ನಾನು ಬರುವುದಿಲ್ಲ." ಎರಡೂ ಅವನ ಹಾಗೇ ಕೇಳುತ್ತಿದ್ದವು.

ಶನಿವಾರ ಹಡಗು ಕೊಲಂಬೊ ಮುಟ್ಟುವುದಿತ್ತು. ಈ ಸಲ ಲ್ಯಾಪ್‌ಟಾಪ್ ಆರಕೂಡದು. ಬೆಳಿಗ್ಗೆಯೇ ಅವಳು ಐಟಿ ಪಾರ್ಕಿನಲ್ಲಿರುವ ನಾದಿನಿಯ ಮಗ ಮಯೂರನಿಗೆ ಫೋನು ಹಚ್ಚಿದಳು. ಅವನಿಗೆ ಕನ್ನಡ ಕಿವಿಯಲ್ಲುಂಟು, ನಾಲಗೆಯಲ್ಲಿಲ್ಲ.

"ಮಾಮಿ, ಪೆಹಲೇ ಬತಾವೊ, ರಖಾ ಕಹಾಂ ಹೈ?"

"ದೇವರ ಗೂಡಿನಲ್ಲಿ."

"ಭಗವಾನ್ ಕೇ ಪಾಸ್?"

"ಪ್ಲಗ್ಗು ಅಲ್ಲೇ ಉಂಟಲ್ಲ ಮಾರಾಯ. ಇಂಟರ್ನೆಟ್ಟಿನ ಡೊಂಗಲ್ಲಿಗೆ ಸಿಗ್ನಲ್ಲೂ ಅಲ್ಲೇ ಸಿಗುವುದು. ಮತ್ತೆ ನಿನ್ನ ಮಾಮ ಬರುವುದೂ ಅದರಲ್ಲೇ ಅಲ್ವಾ."

"ನೀಚೇ ಕ್ಯಾ ಹೈ?"

"ಮಖಮಲ್ ಬಟ್ಟೆ. ಬರೀ ಹಲಗೆ ಮೇಲೆ ಇಡ್ಲಿಕ್ಕಾಗ್ತದಾ?"

"ಔರ್ ಅಗರಬತ್ತಿ?"

"ದಿನಾ."

"ಮಾಮಿ, ಆಪ್‌ನೇ ಮಾಮಾ ಕೋ ಧುವೇಂ ಮೇ ಬಿಠಾಯಾ ಹೈ." ಮಾಮನನ್ನು ಹೊಗೆಯಲ್ಲಿ ಕೂರಿಸಿದ್ದಕ್ಕೆ ನಕ್ಕು ಮುಗಿಸಿ ಅವನು ದಾರಿ ಹೇಳಿದ: ಪೂರ್ತಿ ಬಂದ್ ಮಾಡಿ ಬೋರಲು ಹಾಕು, ಕೆಳಗಿನ ಜಾಲರಿಯಿಂದಲೇ ಅದು ಉಸಿರಾಡುವುದು, ಬ್ರಷ್ಷಿನಿಂದ ತಿಕ್ಕು, ಬಟ್ಟೆ ತೆಗೆ.

ತಿಕ್ಕಿದಾಗ ಬೂದಿ ಉದುರಿತು. ಕುಂಕುಮ ಉದುರಿತು. ಸೇವಂತಿಗೆಯ ಒಣ ಎಸಳೂ ಬಂತು. ಕಡಲಿನಲ್ಲಿ ಗಂಡನಿಗೆ ಏನೂ ಆಗದಿರಲೆಂದು ಹಚ್ಚಿದ ಊದುಬತ್ತಿಗಳೇ ಅವನ ಬಾಯಿ ಮುಚ್ಚಿಸುತ್ತಿದ್ದವು. ಡೊಂಗಲ್ಲನ್ನು ಗೂಡಿನಲ್ಲೇ ಬಿಟ್ಟು, ಉದ್ದದ ವಯರುಗಳನ್ನು ಎಳೆದು ಅವಳು ಯಂತ್ರವನ್ನು ಊಟದ ಮೇಜಿಗೆ ತಂದು, ಅದರ ಅಡಿಗೆ ಎರಡು ಬೆಂಕಿಪೊಟ್ಟಣ ಕೊಟ್ಟು ಎತ್ತರಿಸಿದಳು.

ಸಂಜೆ ಗಂಡ ಪರದೆಯ ಮೇಲೆ ಬಂದ. ಊಟದ ವಿಚಾರ ಆಯಿತು. ಫ್ಯಾನು ಮೆತ್ತಗೆ ತಿರುಗುತ್ತಿತ್ತು. ಗೂಡಿನ ಕಥೆ ಕೇಳಿ ಅವನು ನಕ್ಕ. "ದಿನಾ ನನಗೆ ಮಂಗಳಾರತಿ ಎತ್ತುತ್ತಿದ್ದಿ ಅಂತಾಯ್ತು."

"ಎದುರಿಗೆ ಸಿಕ್ಕಿದ್ರೆ ಬೇರೆ ನಮೂನೆಯದ್ದು ಎತ್ತುತ್ತಿದ್ದೆ." ಆಮೇಲೆ ಸಹಜವೆಂಬಂತೆ ಕೇಳಿದಳು, "ಕಳೆದ ಸಲ ಎಂತದೋ ಹೇಳ್ಳಿಕ್ಕೆ ಹೊರಟಿದ್ರಿ."

"ಯಾವಾಗ?"

"ಇನ್ನು ನಾನು, ಅಂದ್ರಿ." ಅವನದೇ ಸ್ವರದಲ್ಲಿ ಅಂದಳು.

"ನನ್ನ ಹಾಗೇ ಉಂಟು ಮಾರಾಯ್ತಿ. ಮತ್ತೆ ಎಂತ ಹೇಳಿದೆ?"

"ಅದನ್ನೇ ಕೇಳಿದ್ದು."

ಅವನು ಮೇಲೆ ನೋಡಿದ, ಗಲ್ಲ ಕೆರೆದುಕೊಂಡ. "ನೆನಪಾಗುವುದಿಲ್ಲ. ದೊಡ್ಡದೇನೂ ಇರ್ಲಿಕ್ಕಿಲ್ಲ."

ಪರದೆ ಕಪ್ಪಾಗಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಮೂಲೆಯ ಚಿಕ್ಕ ಚೌಕದಲ್ಲಿ ತಮ್ಮ ತಮ್ಮ ಮುಖವನ್ನೇ ನೋಡಿಕೊಂಡರು. ಅವನ ಹಿಂದೆ ಯಾರೋ ಬಾಗಿಲು ಹಾಕಿದರು. ಅವಳು ಕೂದಲು ಸರಿಮಾಡಿಕೊಂಡಳು. ಇಷ್ಟು ಹೊತ್ತು ಆರದ ಪರದೆಗೆ ಬೇಕಾಗುವಷ್ಟು ಮಾತು ಇಬ್ಬರ ಬಳಿಯೂ ಇರಲಿಲ್ಲ.

"ಬಿಸಿಯಾಗಿರ್ಬಹುದು ಅದು," ಅವನು ಮೃದುವಾಗಿ ಹೇಳಿದ. "ಬಂದ್ ಮಾಡ್ತೀಯಾ?"

ದಮಯಂತಿ ಲ್ಯಾಪ್‌ಟಾಪಿನ ಅಡಿಗೆ ಅಂಗೈ ಚಾಚಿದಳು. ತಣ್ಣಗಿತ್ತು.

"ಹೌದು," ಎಂದಳು. "ಸುಡ್ತಾ ಉಂಟು."