ಗುಂಡಿ ಡಬ್ಬಿಯ ಮಾತ್ರೆ

"ತಟ್ಟೆ ಹಿಡಿದು ಓಡಾಡೋಳು ನೀನು. ಡಾಕ್ಟರ್ ಬರೆದ ಮಾತ್ರೆ ತಡೆಯೋ ಸೊಕ್ಕು ಎಲ್ಲಿಂದ ಬಂತಮ್ಮ? ನಾಲ್ಕು ಸೂಜಿ ಚುಚ್ಚಿದ ಕೂಡಲೇ ಡಾಕ್ಟರಾಗಿಬಿಟ್ಯಾ?"

ಹನ್ನೆರಡು ಹಾಸಿಗೆಯ ವಾರ್ಡು. ಎಲ್ಲರ ಕಿವಿಗೂ ಬಿತ್ತು. ಅಂದವನು ನಮ್ಮ ಬೀದಿಯ ಟೈಲರಣ್ಣ. ಅನ್ನಿಸಿಕೊಂಡವಳು ನನ್ನ ಅಕ್ಕ, ಆ ವಾರ್ಡಿನ ನರ್ಸು.

ನಾನು ಅದೇ ಆಸ್ಪತ್ರೆಯಲ್ಲಿ ಆಕ್ಸಿಜನ್ ಸಿಲಿಂಡರ್ ಬದಲಾಯಿಸುವವನು. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು. ಕೈಯಲ್ಲಿ ಮೊಳದುದ್ದ ಸ್ಪ್ಯಾನರ್ ಇತ್ತು. ಮೈಯೆಲ್ಲ ಉರಿದುಹೋಯಿತು.

"ಅದನ್ನ ಕೆಳಗಿಡು," ಅಂದಳು ಅಕ್ಕ. "ಅರವತ್ತರ ತನಕ ಎಣಿಸು."

ಚಿಕ್ಕಂದಿನಿಂದ ನನ್ನ ಕೋಪಕ್ಕೆ ಅವಳು ಕೊಡುವ ಮದ್ದು ಅದೊಂದೇ.

ಹಾಸಿಗೆಯಲ್ಲಿದ್ದದ್ದು ಟೈಲರಣ್ಣನ ತಾಯಿ. ಹೃದಯ ಸೋತು ಐದು ದಿನದ ಹಿಂದೆ ಸೇರಿಸಿದ್ದರು. ದಿನಾ ಬೆಳಿಗ್ಗೆಗೆ ಒಂದು ಹೃದಯದ ಮಾತ್ರೆ ಬರೆದಿದ್ದರು. ಅದನ್ನು ಕೊಡುವ ಮುಂಚೆ ಅಕ್ಕ ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ನಾಡಿ ಎಣಿಸುತ್ತಾಳೆ. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸುವ ಕಳ್ಳ ಕೆಲಸ ಅವಳಲ್ಲಿಲ್ಲ. ಅವತ್ತು ಸಿಕ್ಕಿದ್ದು ನಲವತ್ತಾರು.

"ನಾಡಿ ಅರವತ್ತಕ್ಕಿಂತ ಕೆಳಗಿದೆ ಅಣ್ಣ. ಈ ಮಾತ್ರೆ ಅದನ್ನ ಇನ್ನೂ ನಿಧಾನ ಮಾಡುತ್ತೆ. ಡಾಕ್ಟರಿಗೆ ಫೋನ್ ಮಾಡಿದ್ದೀನಿ, ಬರ್ತಿದ್ದಾರೆ."

"ಎಂಬತ್ತು ವರ್ಷದೋಳ ನಾಡಿ ರೇಸ್ ಕುದುರೆ ಥರ ಓಡಬೇಕಾ?"

ಅಕ್ಕಪಕ್ಕದವರು ಕಿಸಕ್ಕನೆ ನಕ್ಕರು. ಅಷ್ಟರಲ್ಲಿ ಅಜ್ಜಿ, "ಗೋಡೆಗೆ ಹಳದಿ ಯಾವಾಗ ಬಳಿದ್ರು ಮಗಳೇ? ನಿನ್ನ ಬಟ್ಟೇನೂ ಹಳದಿ ಮಾಡ್ಕೊಂಡಿದ್ದೀಯಲ್ಲ," ಅಂದಳು. ಗೋಡೆ ಬಿಳಿ. ಅಕ್ಕನ ಬಟ್ಟೆಯೂ ಬಿಳಿ.

"ಅರವತ್ತಕ್ಕೇ ಅರಳು ಮರಳು, ಇವಳಿಗೆ ಎಂಬತ್ತು," ಅಂದ ಟೈಲರಣ್ಣ. ಮತ್ತೆ ನಗು.

ಅಕ್ಕ ನಗಲಿಲ್ಲ. ತಟ್ಟೆಯಲ್ಲಿ ಬ್ರೆಡ್ಡು ಇಟ್ಟ ಹಾಗೇ ಇತ್ತು. ನಿನ್ನೆಯಿಂದ ವಾಕರಿಕೆ ಅಂತ ಅಜ್ಜಿಯ ಕೇಸ್ ಹಾಳೆಯಲ್ಲಿ ಬರೆದಿತ್ತು. ನಾಡಿ ನಿಧಾನ, ಊಟ ಸೇರದು, ಕಣ್ಣಿಗೆಲ್ಲ ಹಳದಿ. ಬಿಡಿಬಿಡಿಯಾಗಿ ನೋಡಿದರೆ ಮುಪ್ಪು. ಒಟ್ಟಿಗೆ ನೋಡಿದರೆ ಆ ಔಷಧಿ ಮೈಯಲ್ಲಿ ಹೆಚ್ಚಾಗಿದೆ ಅನ್ನುವ ಅನುಮಾನ. ಅದನ್ನು ಯಾವ ಯಂತ್ರವೂ ಅವಳಿಗೆ ಹೇಳಿಕೊಡಲಿಲ್ಲ.

"ಅಣ್ಣ, ಮನೆಯಿಂದ ಏನಾದ್ರೂ ಮಾತ್ರೆ ಕೊಡ್ತಿದ್ದೀರಾ?"

"ಬಿಸಿನೀರು ಬಿಟ್ರೆ ಏನಿಲ್ಲ."

"ಯಾಕೋ ಸುಳ್ಳು ಬೊಗಳ್ತೀಯ?" ಅಜ್ಜಿ ತಲೆ ಎತ್ತಿದಳು. "ದಿನಾ ಬೆಳಿಗ್ಗೆ ಆ ಡಬ್ಬಿಯಿಂದ ಒಂದು ನುಂಗಿಸ್ತೀಯಲ್ಲ!"

ಟೈಲರಣ್ಣನ ಮುಖ ಇಸ್ತ್ರಿ ತಪ್ಪಿದ ಬಟ್ಟೆಯಾಯಿತು. ಚೀಲದಿಂದ ಡಬ್ಬಿ ತೆಗೆದ. ಅಂಗಿ ಗುಂಡಿ ಹಾಕುವ ಡಬ್ಬಿ, ಎಂಟು ಗೂಡು. ಮಾತ್ರೆಗಳನ್ನು ಕವರಿನಿಂದ ಬಿಡಿಸಿ, ಗುಂಡಿ ವಿಂಗಡಿಸಿದ ಹಾಗೆ ಬಣ್ಣ, ಗಾತ್ರ ನೋಡಿ ತುಂಬಿದ್ದ. ಹೆಸರಿದ್ದ ಕವರು ಕಸಕ್ಕೆ.

"ಬಿಳಿ ಸಣ್ಣದು ಅವ್ವನಿಗೆ ಒಗ್ಗಿತ್ತು. ಇಲ್ಲಿ ಕೊಡೋದು ದಪ್ಪ, ಬೇರೆ ಥರ ಇತ್ತು. ಅದಕ್ಕೇ ಇದನ್ನೂ..."

ಅವನ ಜೇಬಿನಲ್ಲಿದ್ದ ಹಳೇ ಔಷಧಿ ಚೀಟಿಯನ್ನು ಅಕ್ಕ ಓದಿದಳು. "ಎರಡೂ ಒಂದೇ ಔಷಧಿ ಅಣ್ಣ. ಕಂಪನಿ ಮಾತ್ರ ಬೇರೆ. ಐದು ದಿನದಿಂದ ಅಜ್ಜಿ ಎರಡೆರಡು ನುಂಗಿದ್ದಾರೆ."

ಡಾಕ್ಟರು ಓಡಿ ಬಂದರು. ಇಸಿಜಿ, ರಕ್ತ ಪರೀಕ್ಷೆ ಎಲ್ಲ ಆಯಿತು. ಕೊನೆಗೆ ಅದೇ ಹನ್ನೆರಡು ಹಾಸಿಗೆ ಎದುರಿಗೆ, "ಇವತ್ತಿನದೂ ಹೊಟ್ಟೆಗೆ ಹೋಗಿದ್ರೆ ಹೃದಯ ನಿಂತರೂ ನಿಲ್ತಿತ್ತು. ಸಿಸ್ಟರ್ ತಡೆದದ್ದೇ ಸರಿ," ಅಂದರು. ನನ್ನೆದೆ ಸಿಲಿಂಡರಿನಷ್ಟು ಉಬ್ಬಿತು. ಕಿಸಕ್ಕಂದವರ ಮುಖವನ್ನು ಒಬ್ಬೊಬ್ಬರದಾಗಿ ನೋಡಿದೆ.

ಅಕ್ಕ ಆಗಲೇ ಮುಂದಿನ ಹಾಸಿಗೆಯವರ ಕೈ ಹಿಡಿದು ನಾಡಿ ಎಣಿಸುತ್ತಿದ್ದಳು.

ಓದುವವರೇ, ನಿಮಗೂ ಹೇಳುತ್ತೇನೆ, ಬೇಜಾರಾದರೆ ಆಗಲಿ. ಮಾತ್ರೆಯನ್ನು ಅದರ ಕವರಿನಲ್ಲೇ ಇಡಿ. ಆಸ್ಪತ್ರೆಗೆ ಬರುವಾಗ ಮನೆಯ ಔಷಧಿ, ಚೀಟಿ ಎಲ್ಲ ತಂದು ನರ್ಸಿಗೆ ತೋರಿಸಿ. ಕದ್ದುಮುಚ್ಚಿ ಒಂದನ್ನೂ ಕೊಡಬೇಡಿ, ನೀವಾಗಿಯೇ ಒಂದನ್ನೂ ನಿಲ್ಲಿಸಬೇಡಿ. ನರ್ಸು ಮಾತ್ರೆ ತಡೆದರೆ "ಯಾಕಮ್ಮ?" ಅಂತ ಕೇಳಿ. ಕೇಳುವುದು ನಿಮ್ಮ ಹಕ್ಕು. ಬಯ್ಯುವುದಲ್ಲ.

ವಾರದ ಮೇಲೆ ಅಜ್ಜಿಯ ನಾಡಿ ಎಪ್ಪತ್ತೆರಡು. ಗೋಡೆ ಮತ್ತೆ ಬಿಳಿಯಾಗಿತ್ತು. ಟೈಲರಣ್ಣ ಡಬ್ಬಿ ತೊಳೆದು ಬರೀ ಗುಂಡಿ ತುಂಬಿಕೊಂಡಿದ್ದ. ಅಕ್ಕನಿಗೆ ಕೈಮುಗಿದು ಎಲ್ಲರೆದುರೇ ತಪ್ಪಾಯ್ತು ಅಂದ. ಅವಳು ನಕ್ಕು, "ಚೀಟಿ ಜೋಪಾನ ಅಣ್ಣ," ಅಂದಳು. ಆಮೇಲೆ ಅವನು ನನ್ನ ಭುಜ ಮುಟ್ಟಿದ.

"ನಿನ್ನ ಕೋಪ ಇಳೀತೇನೋ ತಮ್ಮ?"

ಅಕ್ಕ ಹೇಳಿದ ಅರವತ್ತನ್ನು ನಾನಿನ್ನೂ ಎಣಿಸುತ್ತಲೇ ಇದ್ದೆ. ಐವತ್ತೇಳಕ್ಕೆ ಬಂದಿದ್ದೆ. ಖಾಲಿ ಸಿಲಿಂಡರ್ ತಳ್ಳಿಕೊಂಡು ಹೊರಟೆ.