ಗುರುವಾರದ ಚಂದಾದಾರರು

ಶವಪೆಟ್ಟಿಗೆಯ ಹಿತ್ತಾಳೆ ಹಿಡಿಗೆ ವೆಂಡೆಲ್ ಸ್ಟ್ರೋಮ್ ಇನ್ನೇನು ಕೈ ಹಾಕಬೇಕು, ಅಷ್ಟರಲ್ಲಿ ಯಾರೋ ಅವನ ಮಣಿಕಟ್ಟು ಹಿಡಿದು ಪಕ್ಕಕ್ಕೆ ಎಳೆದರು.

"ನೀವು ಬೇಡ. ನೀವು ಭಾರ ಎತ್ತಬಾರ್ದು. ಬಿಡಿ, ನಾನಿದೀನಿ."

ಎಂಬತ್ತರ ಆಸುಪಾಸಿನ ಮುದುಕ. ಕಪ್ಪು ಕೋಟಿನ ಕೆಳಗೆ ಹಿಮದ ಬೂಟು. ಜೀವಮಾನವಿಡೀ ಲಾರಿ ಓಡಿಸಿದವನಂಥ ಕೈ. ತನಗಿಂತ ಇಪ್ಪತ್ತು ವರ್ಷ ಹಿರಿಯನಾದವನು ತನ್ನನ್ನು ಕೈಲಾಗದವನಂತೆ ಸರಿಸಿ, ಉಳಿದ ಐವರೊಂದಿಗೆ ಪೆಟ್ಟಿಗೆ ಹೊತ್ತು ಚರ್ಚಿನ ಮೆಟ್ಟಿಲೇರಿದ್ದನ್ನು ವೆಂಡೆಲ್ ಬಾಯಿಬಿಟ್ಟುಕೊಂಡು ನೋಡಿದ. ಹೊರಲು ಅವನಿಗೇನೂ ಆಸೆಯಿರಲಿಲ್ಲ. ಸತ್ತವಳ ತಂಗಿ ವರ್ನಾ ಫೋನ್ ಮಾಡಿ, ಒಬ್ಬ ಗಂಡಸು ಕಡಿಮೆ ಬಿದ್ದಿದ್ದಾನೆ ಎಂದಿದ್ದಳು. ಅರ್ಧ ಗಂಟೆಯ ಕೆಲಸ ತಾನೆ ಎಂದು ಒಪ್ಪಿದ್ದ. ಈಗ ಅದಕ್ಕೂ ಬೇಡವಾದನೇ?

ಸತ್ತ ಆರ್ಡಿತ್ ನೈಗಾರ್ಡ್ ಮೂವತ್ತಮೂರು ವರ್ಷ ರೇಡಿಯೋ ಸ್ಟೇಷನ್ನಿನ ಕೆಳಮಹಡಿಯಲ್ಲಿ ಫೋನಿನ ಮುಂದೆ ಕೂತಿದ್ದವಳು. ದಿನವಿಡೀ ಶಾಸ್ತ್ರೀಯ ಸಂಗೀತ, ಜಾಹೀರಾತಿಲ್ಲ. ಕೇಳುಗರು ಕೊಡುವ ಚಂದಾದಿಂದ ಉಸಿರಾಡುವ ಸ್ಟೇಷನ್. ಏನು ಕೇಳಿಸಬೇಕೆಂದು ಮೇಲ್ಮಹಡಿಯಲ್ಲಿ ಕೂತು ತೀರ್ಮಾನಿಸುತ್ತಿದ್ದವನು ವೆಂಡೆಲ್. ಅವಳ ಬಗ್ಗೆ ಅವನಿಗೆ ದ್ವೇಷವಿರಲಿಲ್ಲ. ದ್ವೇಷಿಸಬೇಕಾದರೂ ಒಂದಿಷ್ಟು ಗಮನ ಕೊಡಬೇಕಲ್ಲ.

ಒಳಗೆ ಅವಳ ಸೋದರಳಿಯನೊಬ್ಬ ಅಕಾರ್ಡಿಯನ್ ನುಡಿಸುತ್ತಿದ್ದ. ಮದುವೆ ಮನೆಯಲ್ಲಿ ಬಿಯರು ಕುಡಿದು ಕುಣಿಯುವ ಧಾಟಿ. ಅದು ಆರ್ಡಿತ್‌ಳದೇ ಕೊನೆಯಾಸೆಯಂತೆ. ವೆಂಡೆಲ್ ಹಲ್ಲುನೋವು ಬಂದವನಂತೆ ಕಣ್ಣು ಮುಚ್ಚಿದ. ಪಕ್ಕದ ಸಾಲಿನ ಮುದುಕಿಯೊಬ್ಬಳು ಅವನನ್ನೇ ನೋಡಿ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು.

*

ಪ್ರತಿ ಸೋಮವಾರ ಆರ್ಡಿತ್ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ, ದೂರುಗಳನ್ನು ಬರೆದ ಚೀಟಿಗಳನ್ನು ಅವನ ಮೇಜಿನ ಮೇಲಿಡುತ್ತಿದ್ದಳು.

"ಈ ವಾರ ಹನ್ನೊಂದು, ವೆಂಡೆಲ್."

"ಏನಂತಾರೆ ಮಹಾಜನಗಳು?"

"ಗುರುವಾರದ ಪ್ರೋಗ್ರಾಂ ಬೆಕ್ಕು ಕಿತ್ತಾಡ್ದಂಗೆ ಕೇಳ್ಸತ್ತಂತೆ. ಒಬ್ರ ನಾಯಿ ಊಟ ಬಿಟ್ಟು ಮಂಚದ ಕೆಳಗೆ ಹೋಗಿ ಕೂತಿತಂತೆ."

"ನಾಯಿಗಾದ್ರೂ ಕಿವಿ ಇದೆಯಲ್ಲ, ಸಂತೋಷ ಅಂತ ಹೇಳಿ."

"ಹಾಗೆಲ್ಲ ಹೇಳಕ್ಕಾಗತ್ತಾ? ಆಯಮ್ಮ ಹದಿನಾರು ವರ್ಷದಿಂದ ಚಂದಾ ಕೊಡ್ತಿದಾರೆ. ಗಂಡ ಹೋದ್ಮೇಲೆ ಮನೇಲಿ ಕೇಳ್ಸೋ ಮನುಷ್ಯರ ದನಿ ಅಂದ್ರೆ ನಮ್ಮ ರೇಡಿಯೋನೇ."

"ಹಾಗಾದ್ರೆ ನೀವೇ ಮಾತಾಡಿ. ನಿಮಗೆ ಬರೋದು ಅದೊಂದೇ ತಾನೆ?"

ಆರ್ಡಿತ್ ಚೀಟಿಗಳನ್ನು ಮಡಚಿ ಸ್ವೆಟರಿನ ಜೇಬಿಗೆ ಹಾಕಿಕೊಂಡು ಇಳಿದು ಹೋಗುತ್ತಿದ್ದಳು.

ಗುರುವಾರ ಸಂಜೆ ಏಳರಿಂದ ಎಂಟು ವೆಂಡೆಲ್‌ನ ಸ್ವಂತದ ಗಂಟೆ. ಸ್ವರ ಸೇರದ, ತಾಳ ಸಿಗದ, ಬದುಕಿರುವ ಸಂಗೀತಗಾರರು ಬರೆದ ಹೊಸ ಸಂಗೀತ. ಒಂಬತ್ತು ವರ್ಷದ ಹಿಂದೆ ಆಗಿನ ಮ್ಯಾನೇಜರ್ ಅದನ್ನು ನಿಲ್ಲಿಸಲು ಹೊರಟಿದ್ದ. ವೆಂಡೆಲ್ ಕಾಡಿದ ಮೇಲೆ ಒಂದು ಷರತ್ತು ಹಾಕಿದ: ಕೇಳುಗರು ಫೋನ್ ಮಾಡಿ ಚಂದಾ ಬರೆಸುವ ವಾರದಲ್ಲಿ ಆ ಒಂದು ಗಂಟೆ ಫೋನು ಬಡಿದುಕೊಂಡರೆ ಕಾರ್ಯಕ್ರಮ ಉಳಿಯುತ್ತದೆ.

ಫೋನು ಬಡಿದುಕೊಂಡಿತು. ನಲವತ್ತಮೂರು ಕರೆ. ವೆಂಡೆಲ್ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡ. "ಈ ಊರಲ್ಲಿ ಕಿವಿ ಇರುವವರು ಇನ್ನೂ ಇದ್ದಾರೆ" ಎಂದ. ಕೆಳಗಿಳಿದು ಬಂದರೆ ಆರ್ಡಿತ್ ರಿಸೀವರನ್ನು ಕತ್ತಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ವಿಳಾಸ ಬರೆಯುತ್ತಿದ್ದಳು.

"ನೋಡಿದ್ರಾ?" ಎಂದು ಅವನು ಗೆದ್ದವನಂತೆ ಕೇಳಿದ.

"ನೋಡ್ದೆ," ಎಂದು ಅವಳು ಬಿಸ್ಕತ್ತಿನ ಡಬ್ಬಿ ಮುಂದೆ ಚಾಚಿದಳು.

ಆಮೇಲೆ ಪ್ರತಿ ಚಂದಾ ವಾರದಲ್ಲೂ ಅದೇ ಆಯಿತು. ದೊಡ್ಡ ಊರುಗಳ ಸಭೆಗಳಲ್ಲಿ ವೆಂಡೆಲ್ ಈ ವಿಷಯದ ಮೇಲೆ ಭಾಷಣ ಮಾಡಿದ. ಜನಕ್ಕೆ ಒಳ್ಳೆಯದನ್ನು ಕೊಟ್ಟರೆ ಜನ ಬೆಳೆಯುತ್ತಾರೆ ಎಂಬುದು ಅದರ ಸಾರಾಂಶ.

*

ಮಣ್ಣು ಮುಗಿಸಿ ಬಂದವರಿಗೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಉಪ್ಪಿನಲ್ಲಿ ಊರಿದ ಹಂದಿಮಾಂಸ ಇಟ್ಟ ಬನ್ನು, ಆಲೂಗಡ್ಡೆಯ ಬಿಸಿ ಪಲ್ಯ, ಕ್ಯಾರೆಟ್ ತುರಿ ತೇಲುವ ಕಿತ್ತಳೆ ಬಣ್ಣದ ಜೆಲ್ಲಿ. ಇಂಥ ಜೆಲ್ಲಿ ತಿನ್ನುವವರು ಇನ್ನೆಂಥ ಸಂಗೀತ ಕೇಳಿಯಾರು ಎಂದುಕೊಂಡು ವೆಂಡೆಲ್ ಗೋಡೆಗೆ ಒರಗಿ ನಿಂತ. ಆಚೆ ಮೂಲೆಯಲ್ಲಿ ಹೊಸ ಮ್ಯಾನೇಜರ್ ಪೇಜ್ ಹಾಲೊರನ್ ಎಲ್ಲರ ಕೈ ಕುಲುಕುತ್ತಿದ್ದಳು. ವಯಸ್ಸು ಮೂವತ್ತಾರು, ಹಿಂದೆ ಯಾವುದೋ ಮೊಸರಿನ ಕಂಪನಿಯಲ್ಲಿದ್ದಳಂತೆ. ಗುರುವಾರದ ಗಂಟೆಯ ಹಣೆಬರಹ ಬರುವ ಸೋಮವಾರ ಅವಳ ಮೇಜಿನ ಮೇಲೆ ತೀರ್ಮಾನವಾಗಲಿತ್ತು.

ಕರವಸ್ತ್ರದ ಮುದುಕಿ ಹತ್ತಿರ ಬಂದಳು.

"ವೆಂಡೆಲ್ ಅಲ್ವಾ? ಬೆಳಿಗ್ಗೆ ವರ್ನಾ ತೋರಿಸಿದ್ಲು. ನಾನು ಒಪಲ್. ಈಗ ಎದೆ ಹೇಗಿದೆಯಪ್ಪ?"

ಸಾವಿನ ಮನೆಯ ಮಾತೆಂದು ತಿಳಿದ ವೆಂಡೆಲ್, ರೇಡಿಯೋದ ದನಿಯಲ್ಲೇ, "ಭಾರವಾಗಿದೆ" ಎಂದ.

ಒಪಲ್ ಬೆಚ್ಚಿಬಿದ್ದಳು. "ಭಾರವಾ? ಡಾಕ್ಟ್ರಿಗೆ ಹೇಳಿದ್ಯಾ? ಎಲ್‌ರಾಯ್, ಬನ್ನಿ ಇಲ್ಲಿ! ಎದೆ ಭಾರ ಅಂತಿದಾನೆ!"

ಪೆಟ್ಟಿಗೆ ಹೊತ್ತ ಮುದುಕ ಕಾಫಿ ಲೋಟ ಹಿಡಿದು ಬಂದ. "ಅದಕ್ಕೇ ಬೆಳಿಗ್ಗೆ ಎತ್ತಕ್ಕೆ ಬಿಡ್ಲಿಲ್ಲ. ಆರ್ಡಿತ್ ಎಲ್ಲ ಹೇಳಿದಾಳೆ ಬಿಡಿ, ಸಂಕೋಚ ಬೇಡ. ನಂಗೂ ಎರಡು ಸಲ ಆಪರೇಷನ್ ಆಗಿದೆ."

"ಏನು ಹೇಳಿದಾಳೆ?"

"ನಿಮ್ಮ ಹಾರ್ಟ್ ಸರಿಯಿಲ್ಲ, ಆ ಗುರುವಾರದ ಒಂದು ಗಂಟೆ ಮೇಲೇ ಜೀವ ಇಟ್ಕೊಂಡಿದೀರ ಅಂತ. ನಾನು ಚಂದಾ ನಿಲ್ಸಕ್ಕೆ ಅಂತ್ಲೇ ಫೋನ್ ಮಾಡಿದ್ದೆ, ನಿಜ ಹೇಳ್ತೀನಿ. ಆ ಗಲಾಟೆ ಯಾರಿಗ್ರೀ ಬೇಕು? ಆರ್ಡಿತ್ ಅಂದ್ಲು, 'ಎಲ್‌ರಾಯ್, ಆ ಹೊತ್ತಲ್ಲಿ ರೇಡಿಯೋ ಆಫ್ ಮಾಡ್ಕೊಳ್ಳಿ, ಫೋನ್ ಮಾತ್ರ ಗುರುವಾರವೇ ಮಾಡಿ' ಅಂತ. ಅವತ್ತಿಂದ ಹಾಗೇ ಮಾಡ್ತಿದೀನಿ."

"ನಾನೂ ಅಷ್ಟೇ. ನಮ್ಮ ಬೀದಿಯೋರೆಲ್ಲ ಅಷ್ಟೇ," ಎಂದಳು ಒಪಲ್.

ವೆಂಡೆಲ್ ಚರ್ಚಿನ ಅಡುಗೆಮನೆಗೆ ನುಗ್ಗಿದ. ವರ್ನಾ ತೋಳು ಮೇಲೇರಿಸಿ ಪಾತ್ರೆ ತೊಳೆಯುತ್ತಿದ್ದಳು.

"ನಿಮ್ಮಕ್ಕ ನನ್ನ ಬಗ್ಗೆ ಸುಳ್ಳು ಹಬ್ಸಿದಾಳೆ!"

"ಹೌದು," ಎಂದಳು ವರ್ನಾ. "ನನ್ನ ಅಡುಗೆಮನೇಲಿ ಕೂತೇ ಒಬ್ಬೊಬ್ರಿಗೂ ಫೋನ್ ಮಾಡ್ತಿದ್ಲು. ನಂದೇ ಬಿಲ್ಲು."

"ಅವಳಿಗೇನು ಅಷ್ಟು ಇಷ್ಟವಾ ಆ ಸಂಗೀತ?"

"ಆರ್ಡಿತ್‌ಗಾ?" ವರ್ನಾ ಜೋರಾಗಿ ನಕ್ಕಳು. "ಮನೇಲಿ ಬೇಸ್‌ಬಾಲ್ ಕಾಮೆಂಟ್ರಿ ಹಾಕ್ಕೊಂಡಿರ್ತಿದ್ಲು."

"ಮತ್ಯಾಕೆ?"

"ಅವಳಿಗೆ ಮಾತಾಡೋರು ಬೇಕಿತ್ತು ಕಣ್ರೀ. ನಿಮ್ಮ ಗುರುವಾರ ನಿಂತೋಗಿದ್ರೆ ಬಯ್ಯಕ್ಕಾದ್ರೂ ಯಾರು ಫೋನ್ ಮಾಡ್ತಿದ್ರು? ಹಿತವಾಗಿರೋ ಸಂಗೀತ ಕೇಳಿ ಯಾರೂ ಫೋನ್ ಮಾಡಲ್ಲ." ಕೈ ಒರೆಸಿಕೊಂಡು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಒಂದ್ಸಲ ನಾನೇ ಕೇಳ್ದೆ, ಆ ಮನುಷ್ಯ ನಿಂಗೆ ಒಂದು ಥ್ಯಾಂಕ್ಸ್ ಆದ್ರೂ ಹೇಳಿದಾನೇನೇ ಅಂತ. 'ಬಿಡು, ಪಾಪ, ಅವನಿಗೆ ಅದೊಂದೇ ಇರೋದು' ಅಂದ್ಲು. ಅಷ್ಟೊತ್ತಿಗೆ ಅವಳ್ಗೇ ತನ್ನ ಸುಳ್ಳು ನಿಜ ಅನ್ಸಿತ್ತೋ ಏನೋ."

*

ಎರಡು ಚಳಿಗಾಲದ ಹಿಂದೆ ವೆಂಡೆಲ್ ಮೂವತ್ತು ಮೈಲಿಯ ಸ್ಕೀ ಓಟ ಮುಗಿಸಿ ಪದಕ ತಂದಿದ್ದ. ಬೆಳಗಿನ ಕಾರ್ಯಕ್ರಮದಲ್ಲಿ ಅದನ್ನು ಹೇಳಿಕೊಳ್ಳಬೇಕೆಂದಿದ್ದ. ಆರ್ಡಿತ್ ಓಡೋಡಿ ಬಂದು ಸ್ಟುಡಿಯೋದ ಬಾಗಿಲಿಗೆ ಅಡ್ಡ ನಿಂತಳು.

"ಸ್ಕೀ ವಿಷಯ ರೇಡಿಯೋದಲ್ಲಿ ಹೇಳ್ಬೇಡಿ ವೆಂಡೆಲ್, ದಮ್ಮಯ್ಯ."

"ಯಾಕೆ?"

"ಜನಕ್ಕೆ… ಜನಕ್ಕೆ ಬೇಜಾರಾಗತ್ತೆ."

ಸ್ವಂತ ಮೈ ಹೊತ್ತು ಮಹಡಿ ಹತ್ತಲಾರದವಳ ಹೊಟ್ಟೆಕಿಚ್ಚು ಎಂದು ಅವನು ಅಂದು ತೀರ್ಮಾನಿಸಿದ್ದ.

*

ವೆಂಡೆಲ್ ಅಡುಗೆಮನೆಯಿಂದ ಹೊರಗೆ ಬರುವಷ್ಟರಲ್ಲಿ ಏಳೆಂಟು ಮುದಿ ತಲೆಗಳು ಪೇಜ್ ಹಾಲೊರನ್‌ಳನ್ನು ಸುತ್ತುಗಟ್ಟಿದ್ದವು. ಅವಳ ಮೊಸರಿನ ಮುಖ ಬಿಳುಚಿತ್ತು.

"ವೆಂಡೆಲ್! ನಿಮ್ಮ ಆರೋಗ್ಯದ ವಿಷಯ ನಂಗೆ ಯಾರೂ ಹೇಳೇ ಇರ್ಲಿಲ್ಲ."

"ಆ ಗಂಟೆ ನಿಲ್ಸಿದ್ರೆ ಇವನು ಉಳಿಯಲ್ಲ ಕಣಮ್ಮ," ಎಂದಳು ಒಪಲ್. "ನಾವೆಲ್ಲ ಚಂದಾ ಕೊಡ್ತಿರೋದೇ ಅದಕ್ಕೆ."

"ನಿಜವಾ, ವೆಂಡೆಲ್?"

ಎಲ್ಲರೂ ಅವನತ್ತ ತಿರುಗಿದರು. ತನ್ನ ಎದೆ ಕುದುರೆಯಷ್ಟು ಗಟ್ಟಿಯಾಗಿದೆ, ನಿಮ್ಮ ಕನಿಕರವೂ ಬೇಡ, ಚಂದಾವೂ ಬೇಡ, ಹೋಗಿ ಜೆಲ್ಲಿ ತಿನ್ನಿ ಎಂಬ ಮಾತು ಪೂರ್ತಿಯಾಗಿ ನಾಲಗೆಯ ತುದಿಗೆ ಬಂದಿತ್ತು. ಆದರೆ ಸೋಮವಾರಕ್ಕೆ ಮೂರೇ ದಿನ ಉಳಿದಿತ್ತು.

ವೆಂಡೆಲ್‌ನ ಕೈ ಮೆಲ್ಲಗೆ ಎದ್ದು ಕೋಟಿನ ಬಲಗಡೆಗೆ ಹೋಯಿತು, ಅಲ್ಲಿ ಒಂದು ಕ್ಷಣ ತಡೆದು ಎಡಕ್ಕೆ ಸರಿಯಿತು.

"ಪರವಾಗಿಲ್ಲ," ಎಂದ, ದನಿ ಇಳಿಸಿ. "ಒಂದೊಂದು ದಿನ ಹೀಗಾಗತ್ತೆ."

ಎಲ್‌ರಾಯ್ ಮಡಚುವ ಕುರ್ಚಿ ತಂದು ಬಿಡಿಸಿದ. ಇಬ್ಬರು ಅಜ್ಜಿಯರು ತೋಳು ಹಿಡಿದು ಅವನನ್ನು ಕೂರಿಸಿದರು. ಒಪಲ್ ಬನ್ನಿನೊಳಗಿನ ಮಾಂಸವನ್ನು ಬೆರಳಿನಿಂದ ಕಿತ್ತು ಪಕ್ಕಕ್ಕಿಟ್ಟು, "ಉಪ್ಪು ನಿಂಗೆ ಆಗಲ್ಲ" ಎಂದಳು. ಬರೀ ಬನ್ನನ್ನು ಸಣ್ಣ ಸಣ್ಣ ಚೂರು ಮಾಡಿದಳು. ಮೊದಲನೆಯದನ್ನು ಅವನ ತುಟಿಯ ಹತ್ತಿರ ತಂದಾಗ ವೆಂಡೆಲ್ ಬಾಯಿ ತೆರೆದ.