ಗಿರಿಮಲ್ಲಪ್ಪನ ಬಾಯಿ ಮತ್ತೆ ಬಿಗಿದಾಗ

ಬನಹಟ್ಟಿಯ ಪಾವರ್‌ಲೂಮ್ ಶೆಡ್ಡಿನಲ್ಲಿ ಮಗ್ಗಗಳು ಶುರುವಾದರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲ. ಅಲ್ಲಿ ದುಡಿಯುವವರು ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ಗಿರಿಮಲ್ಲಪ್ಪ ಮತ್ತು ಅವನ ಹೆಂಡತಿ ಶೇವಂತಿ ಸಂಸಾರದ ಅರ್ಧ ಮಾತು ಹಾಗೆಯೇ ಆಡಿದವರು. ಅವನು ಮಗ್ಗದ ಹಿಂದೆ ನಿಂತು ಮಾಲಕನ ನಡಿಗೆಯ ಬಗ್ಗೆ ಏನೋ ಅಂದರೆ, ಕಂಡಿಕೆಗೆ ನೂಲು ಸುತ್ತುತ್ತಿದ್ದ ಇವಳು ಸೆರಗು ಬಾಯಿಗಿಟ್ಟು ನಗುತ್ತಿದ್ದಳು.

ಚಹಾಕ್ಕೆ ಹೋದರೆ ಮಗ್ಗ ನಿಲ್ಲುತ್ತದೆ, ಗುಟ್ಕಾ ಗಲ್ಲದಲ್ಲಿಟ್ಟುಕೊಂಡರೆ ನಿಲ್ಲುವುದಿಲ್ಲ. ಹೀಗೆಂದುಕೊಂಡೇ ಗಿರಿಮಲ್ಲಪ್ಪ ವರ್ಷಗಟ್ಟಲೆ ಗುಟ್ಕಾ ಹಾಕಿದ. ಮೊದಲು ಖಾರ ತಿಂದರೆ ಬಾಯಿ ಉರಿಯುತ್ತಿತ್ತು. ಆಮೇಲೆ ಗಲ್ಲ ಬಿಗಿದು, ಬಾಯಿಯೊಳಗೆ ಬೆರಳು ಹೋಗದಂತಾಯಿತು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ನುಂಗುತ್ತಿದ್ದ. ಅವನ ತುಟಿಯ ಮಾತು ಶೇವಂತಿಗೆ ಕಾಣದಾಯಿತು.

ಹಲ್ಲು-ದವಡೆಯ ದೊಡ್ಡ ದವಾಖಾನೆಯಲ್ಲಿ ಆಪರೇಷನ್ ಆಯಿತು. ಅಲ್ಲಿನ ಡಾಕ್ಟರರು ಇಂಥ ಬಾಯಿಗಳ ಬಗ್ಗೆ ಸಂಶೋಧನೆ ನಡೆಸಿದ್ದರು. ಎರಡು ಬಗೆಯ ಆಪರೇಷನ್ ರೂಢಿಯಲ್ಲಿವೆ. ಯಾವುದರಿಂದ ಬಾಯಿ ಹೆಚ್ಚು ಕಾಲ ತೆರೆದಿರುತ್ತದೆ ಎಂದು ನೋಡಬೇಕಿತ್ತು. ಇದನ್ನೆಲ್ಲ ತಿಳಿಸಿ, ಒಪ್ಪಿಗೆ ಇದೆಯೇ ಎಂದು ಕೇಳಿಯೇ ಅವನನ್ನು ಸೇರಿಸಿಕೊಂಡರು. ಗುಟ್ಕಾ, ಅಡಿಕೆ ಬಿಡಬೇಕು, ದಿನಾಲೂ ಬಾಯಿಯ ವ್ಯಾಯಾಮ ಮಾಡಬೇಕು, ಕರೆದಾಗ ಬಂದು ತೋರಿಸಬೇಕು ಎಂದು ಹೇಳಿ ಕಳಿಸಿದರು.

ಬಾಯಿ ತೆರೆಯಿತು. ಮಗ್ಗದ ಹಿಂದಿನಿಂದ ಮಾತು ಮತ್ತೆ ಬಂತು. ಆರಾಮಾಯಿತಲ್ಲ ಎಂದು ಗಿರಿಮಲ್ಲಪ್ಪ ವ್ಯಾಯಾಮ ಬಿಟ್ಟ. ದವಾಖಾನೆಗೆ ಹೋಗುವುದನ್ನೂ ಬಿಟ್ಟ. ಗುಟ್ಕಾ ಅಲ್ಲ, ಬರೀ ಅಡಿಕೆ ಎಂದು ಮತ್ತೆ ಗಲ್ಲ ತುಂಬಿಸಿದ. ದೀಪಾವಳಿಯ ಹೊತ್ತಿಗೆ ಬಾಯಿ ಮತ್ತೆ ಬಿಗಿಯಿತು. ಶೇವಂತಿ ನೂಲು ಸುತ್ತುತ್ತ ಅವನ ಮುಖವನ್ನೇ ನೋಡುವಳು. ಮಗ್ಗ ಬಡಿದುಕೊಳ್ಳುತ್ತಿತ್ತು, ಮುಖ ಸುಮ್ಮನಿತ್ತು.

ಓಣಿಯ ಆಶಾ ಕಾರ್ಯಕರ್ತೆ ಲಗಮವ್ವ ಮನೆಗೆ ಬಂದು, ದವಾಖಾನೆಯವರು ಹುಡುಕುತ್ತಿದ್ದಾರೆ, ಯಾಕೆ ಹೋಗಿಲ್ಲ ಎಂದು ಕೇಳಿದಳು. ಗಿರಿಮಲ್ಲಪ್ಪ ಹಲ್ಲಿನ ಸಂದಿಯಿಂದಲೇ ಮಾತಾಡಿದ.

"ನಮ್ಮ ಬಾಯಿ ಮ್ಯಾಲೆ ಕೈ ಪಳಗಿಸ್ಕೋತಾರಕ್ಕಾ. ಮತ್ತ ಅವರು ಮಾಡಿದ್ದೆಲ್ಲ ಕೆಡಿಸ್ಕೊಂಡು ಕುಂತೇನಿ. ಯಾವ ಮಾರಿ ಹೊತ್ಕೊಂಡು ಹೋಗಲಿ?"

"ಛಲೋ ಬಂದ ಸೀರಿ ಅಷ್ಟ ಮಾಲಕಗ ತೋರಿಸಿ, ಎಳಿ ಬಿಟ್ಟದ್ದು ಮುಚ್ಚಿಟ್ರ ಮಗ್ಗದ ತಪ್ಪು ಹ್ಯಾಂಗ ತಿಳೀಬೇಕೋ ತಮ್ಮಾ?" ಎಂದಳು ಲಗಮವ್ವ. "ಆರಾಮಾದವರಷ್ಟ ಹೋದ್ರ, ಈ ಆಪರೇಷನ್ ಭಾಳ ಛಲೋ ಅಂತ ಅವರು ಬರ್ಕೋತಾರ. ನಾಳಿ ಬಾಜೂ ಊರು ಚಿಮ್ಮಡದಾಂವ ಯಾರರ ಅದನ್ನ ನಂಬಿ ಹೋಗ್ತಾನ. ನಿನ್ನ ಬಾಯಿ ಬಿಗಿದದ್ದೂ ಅವರಿಗೆ ಬೇಕಾದ ಉತ್ತರನ."

ಸಂಶೋಧನೆ ಬೇಡವಾದರೆ ಯಾವಾಗ ಬೇಕಾದರೂ ಬಿಡಬಹುದು, ಅದಕ್ಕಾಗಿ ಔಷಧೋಪಚಾರ ನಿಲ್ಲಿಸುವುದಿಲ್ಲ ಎಂದೂ ತಿಳಿಸಿದಳು. ಆಗ ಶೇವಂತಿ ಬಾಗಿಲಲ್ಲಿ ನಿಂತು ಗಂಡನಿಗೆ ಮೆಲ್ಲಗೆ ಅಂದಳು:

"ನನಗ ಸಂಶೋಧನಿ ಅದೂ ಇದೂ ತಿಳಿಯಂಗಿಲ್ಲ. ಮಗ್ಗದ ಆ ಕಡಿ ನೀವು ನಿಂತಿರ್ತೀರಿ, ಒಂದ ಮಾತೂ ಈ ಕಡಿ ಬರವಲ್ದು. ನೀವಿದ್ದೂ ಒಬ್ಬಾಕಿನ ದುಡ್ಯಾಕತ್ತೇನಿ."

ಮರುದಿನ ಇಬ್ಬರೂ ಬಸ್ಸು ಹತ್ತಿದರು.

ಡಾಕ್ಟರರು ಬೈಯಲಿಲ್ಲ. ಬಾಯಿ ಅಳೆದರು, ಬಿಳಿ ಮಚ್ಚೆ, ಹುಣ್ಣು ಇದೆಯೇ ಎಂದು ದೀಪ ಹಿಡಿದು ನೋಡಿದರು. ಮೊದಲು ಅಡಿಕೆ ಬಿಟ್ಟು ವ್ಯಾಯಾಮ, ಅದರಿಂದ ಆಗದಿದ್ದರೆ ಮುಂದಿನ ದಾರಿ ಎಂದರು. ಬಾಯಿ ಮತ್ತೆ ಎಷ್ಟು ತೆರೆದೀತು ಎಂದು ಶೇವಂತಿ ಕೇಳಿದಳು.

"ಖರೆ ಹೇಳ್ಬೇಕಂದ್ರ ಈಗ ಗೊತ್ತಿಲ್ಲ ತಾಯಿ. ಅದಕ್ಕ ಬರ್ತಾ ಇರ್ರಿ ಅಂತೀವಿ."

ಅಂದಿನಿಂದ ಬೆಳಗಾದರೆ ಗಿರಿಮಲ್ಲಪ್ಪ ಚಪ್ಪಟೆ ಕಟ್ಟಿಗೆಯ ಕಡ್ಡಿಗಳನ್ನು ಹಲ್ಲುಗಳ ನಡುವೆ ಒಂದೊಂದಾಗಿ ಸೇರಿಸಿ ಬಾಯಿ ಅಗಲಿಸುತ್ತಾನೆ. ಕಣ್ಣಲ್ಲಿ ನೀರು ಬರುತ್ತದೆ. ಎದುರು ಕುಳಿತ ಶೇವಂತಿ, ಕೂಸಿಗೆ ತುತ್ತು ಕೊಡುವ ತಾಯಿಯಂತೆ, ತನಗೇ ತಿಳಿಯದೆ ತಾನೂ ಬಾಯಿ ತೆರೆಯುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ಖಾರಕ್ಕೆ ಬಾಯಿ ಉರಿದರೆ, ಬಾಯಿ ತೆರೆಯಲು ಬಿಗಿಯಾದರೆ ಅಂದೇ ಗುಟ್ಕಾ, ಅಡಿಕೆ ಬಿಟ್ಟು ಡಾಕ್ಟರರಿಗೆ ತೋರಿಸಿ. ಸಂಶೋಧನೆಗೆ ಸೇರುವಿರಾ ಎಂದು ಕೇಳಿದರೆ ಏನು, ಯಾಕೆ, ತೊಂದರೆ ಏನಿದೆ ಎಂದು ಬಾಯಿ ಬಿಟ್ಟು ಕೇಳಿ; ಮನಸ್ಸಿಲ್ಲದಿದ್ದರೆ ಒಲ್ಲೆ ಎನ್ನಿ. ಒಪ್ಪಿದ ಮೇಲೆ ಕೊನೆತನಕ ಹೋಗಿ ತೋರಿಸಿ. ಗುಣವಾದರೂ ಹೋಗಿ, ಆಗದಿದ್ದರೆ ತಪ್ಪದೇ ಹೋಗಿ. ನಿಮ್ಮ ದನಿಗಾಗಿ ಮನೆಯಲ್ಲಿ ಯಾರೋ ಕಾಯುತ್ತಿದ್ದಾರೆ.